ಕೆಂಪು ಬಳೆ, ನೀಲಿ ಪಟ್ಟಿ

1908ರ ಲಂಡನ್ನಿನಲ್ಲಿ ನೆಲದಡಿಯ ರೈಲು ಹತ್ತಿದವನಿಗೆ ಟಿಕೆಟ್ ಕೊಳ್ಳುವುದು ಸುಲಭವಿತ್ತು, ಇಳಿಯುವುದೇ ಕಷ್ಟ. ಸುರಂಗದ ಕತ್ತಲೆ ಕಳೆದು ಬೆಳಕು ಕಂಡಾಗ ಕಿಟಕಿಯಾಚೆಯ ಗೋಡೆಯ ತುಂಬ ಸೋಪು, ಕೋಕೋ, ಸಾಸಿವೆ ಪುಡಿ, ಅಜೀರ್ಣದ ಮಾತ್ರೆಗಳ ಜಾಹೀರಾತು. ನಿಲ್ದಾಣದ ಹೆಸರೂ ಅಲ್ಲೇ ಎಲ್ಲೋ ಇರುತ್ತಿತ್ತು, ಅವುಗಳ ಹಾಗೆಯೇ ಉದ್ದನೆಯ ಹಲಗೆಯ ಮೇಲೆ, ಹೆಚ್ಚುಕಡಿಮೆ ಅವುಗಳ ಅಕ್ಷರದಲ್ಲೇ. ಬಂದದ್ದು ಯಾವ ನಿಲ್ದಾಣ ಎಂದು ಕಣ್ಣಿಗೆ ಬೀಳುವಷ್ಟರಲ್ಲಿ ರೈಲು ಹೊರಟಿರುತ್ತಿತ್ತು.

ಜಗತ್ತಿನ ಅತ್ಯಂತ ಪ್ರಸಿದ್ಧ ಲೋಗೋಗಳಲ್ಲೊಂದು ಹುಟ್ಟಿದ್ದು ಈ ಸಣ್ಣ ಕಿರಿಕಿರಿಯಿಂದ. ಲೋಗೋ ಮಾಡೋಣ ಎಂದು ಆಗ ಯಾರೂ ಕೂತಿರಲಿಲ್ಲ. ಜಾಹೀರಾತುಗಳೆಲ್ಲ ಆಯತಾಕಾರದವು, ಹಾಗಾಗಿ ಹೆಸರಿನ ಹಲಗೆಯ ಹಿಂದೆ ಗುಂಡಗಿನದೊಂದು ಕೆಂಪು ತಟ್ಟೆ ಇಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತದೆ ಎಂಬ ಲೆಕ್ಕಾಚಾರ, ಅಷ್ಟೆ. 1908ರಲ್ಲಿ ಸೇಂಟ್ ಜೇಮ್ಸಸ್ ಪಾರ್ಕ್ ನಿಲ್ದಾಣದಲ್ಲಿ ಅದನ್ನು ಮೊದಲು ಹಾಕಿ ನೋಡಿದರು. ಎನಾಮಲ್ ಹೊದಿಸಿದ ಘನವಾದ ಕೆಂಪು ವೃತ್ತ, ಅದರ ನಡುವೆ ಅಡ್ಡಲಾಗಿ ನೀಲಿ ಪಟ್ಟಿ, ಪಟ್ಟಿಯ ಮೇಲೆ ಬಿಳಿ ಅಕ್ಷರದ ಹೆಸರು. ಈಗ ನಾವು ಕಾಣುವ ಬಳೆಯಂಥ ಉಂಗುರ ಅಲ್ಲ ಅದು; ಒಳಗೂ ಕೆಂಪೇ ತುಂಬಿದ್ದ ಬಿಲ್ಲೆ. ಆಗಿನವರು ಅದನ್ನು ‘ಬುಲ್ಸ್ ಐ’ ಎಂದು ಕರೆಯುತ್ತಿದ್ದರು. ‘ರೌಂಡೆಲ್’ ಎಂಬ ಈಗಿನ ಹೆಸರು ಅಂಟಿಕೊಂಡದ್ದು 1970ರ ದಶಕದಲ್ಲಿ.

ಈ ಫಲಕ ಹಾಕಿದ ರೈಲು ಕಂಪನಿಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಲಂಡನ್ನಿನ ಮೊದಲ ಸುರಂಗ ರೈಲು, ಮೆಟ್ರೊಪಾಲಿಟನ್ ರೈಲ್ವೆ, 1863ರ ಜನವರಿಯಲ್ಲೇ ಓಡಿತ್ತು, ಅದೂ ಹಬೆಯ ಎಂಜಿನ್ನಿನಲ್ಲಿ. ವಿದ್ಯುತ್ತಿನ ಕಾಲ ಬಂದಾಗ ಚಿಕಾಗೋದ ಚಾರ್ಲ್ಸ್ ಟೈಸನ್ ಯರ್ಕ್ಸ್ ಎಂಬ ಹಣಕಾಸಿನ ಚಾಣಾಕ್ಷ ಬಂದು 1902ರಲ್ಲಿ ಹಲವು ಮಾರ್ಗಗಳನ್ನು ಒಂದು ಕಂಪನಿಯಡಿ ತಂದ. ಬೇಕರ್ಲೂ, ಪಿಕಾಡಿಲಿ, ಹ್ಯಾಂಪ್‌ಸ್ಟೆಡ್ ಎಂಬ ಮೂರು ಆಳದ ಮಾರ್ಗಗಳು 1906 ಮತ್ತು 1907ರಲ್ಲಿ ಒಂದರ ಬೆನ್ನಿಗೊಂದು ತೆರೆದವು. ಅದನ್ನು ನೋಡಲು ಯರ್ಕ್ಸ್ ಬದುಕಿರಲಿಲ್ಲ. ಅಂದುಕೊಂಡಷ್ಟು ಪ್ರಯಾಣಿಕರೂ ಬರಲಿಲ್ಲ. ಸಾಲ ಮಾತ್ರ ಬೆಳೆಯಿತು. 1907ರಲ್ಲಿ ಅಮೆರಿಕದ ಟ್ರಾಮ್ ಕಂಪನಿಗಳಲ್ಲಿ ಪಳಗಿದ ಆಲ್ಬರ್ಟ್ ಸ್ಟ್ಯಾನ್ಲಿಯನ್ನು ವ್ಯವಸ್ಥಾಪಕನಾಗಿ ಕರೆತಂದರು. ಬೇರೆ ಬೇರೆ ಕಂಪನಿಗಳ ಸುರಂಗ ಮಾರ್ಗಗಳನ್ನೆಲ್ಲ ಜನ ಒಂದೇ ಎಂದು ತಿಳಿಯುವಂತೆ ಮಾಡದಿದ್ದರೆ ಉಳಿಗಾಲವಿಲ್ಲ ಎಂಬುದು ಅಷ್ಟರಲ್ಲಿ ಎಲ್ಲರಿಗೂ ಮನವರಿಕೆಯಾಗಿತ್ತು. 1908ರಲ್ಲಿ ‘ಅಂಡರ್‌ಗ್ರೌಂಡ್’ ಎಂಬ ಒಂದೇ ಹೆಸರಿಗೆ ಕಂಪನಿಗಳು ಒಪ್ಪಿಕೊಂಡವು. ಇಂಗ್ಲಿಷಿನಲ್ಲಿ ಹನ್ನೊಂದು ಅಕ್ಷರದ ಆ ಪದದ ಮೊದಲ ‘ಯು’ ಮತ್ತು ಕೊನೆಯ ‘ಡಿ’ ದೊಡ್ಡವು, ನಡುವಿನ ಒಂಬತ್ತು ಸಣ್ಣವು, ಆ ಒಂಬತ್ತರ ಮೇಲೂ ಕೆಳಗೂ ಪುಟ್ಟ ಗೀಟುಗಳು. ನೋಡಲು ಅಂಥ ಚೆಂದವೇನಲ್ಲ, ಆದರೆ ದೂರದಿಂದ ಗುರುತು ಸಿಗುತ್ತಿತ್ತು.

ಪ್ರಚಾರದ ಹೊಣೆ ಬಂದದ್ದು ಫ್ರಾಂಕ್ ಪಿಕ್ ಎಂಬ ಮೂವತ್ತರ ಯುವಕನ ಹೆಗಲಿಗೆ. 1878ರಲ್ಲಿ ಲಿಂಕನ್‌ಶೈರಿನ ಸ್ಪಾಲ್ಡಿಂಗ್‌ನಲ್ಲಿ ಹುಟ್ಟಿದವನು. ಓದಿದ್ದು ವಕೀಲಿಕೆ, ಸೇರಿದ್ದು ಯಾರ್ಕಿನ ರೈಲ್ವೆ ಕಚೇರಿ. ಅಲ್ಲಿನ ಮೇಲಧಿಕಾರಿ ಜಾರ್ಜ್ ಗಿಬ್ 1906ರಲ್ಲಿ ಲಂಡನ್ನಿಗೆ ಬಂದಾಗ ಜೊತೆಗೆ ಬಂದ. ಚಿತ್ರಕಲೆಯ ತರಬೇತಿ ಇಲ್ಲ, ಜಾಹೀರಾತಿನ ಅನುಭವವಂತೂ ಇಲ್ಲವೇ ಇಲ್ಲ. ಇದ್ದದ್ದು ಅಚ್ಚುಕಟ್ಟಿನ ಹುಚ್ಚು. ಅವನು ಮೊದಲು ಮಾಡಿದ ಕೆಲಸವೇ ನಿಲ್ದಾಣದ ಗೋಡೆಗಳ ಮೇಲೆ ಜಾಹೀರಾತಿಗೆ ಗೊತ್ತಾದ ಜಾಗ ಹಾಕಿಕೊಟ್ಟು, ಹೆಸರಿನ ಫಲಕದ ಸುತ್ತ ಖಾಲಿ ಬಿಡಿಸಿದ್ದು. ಕಂಪನಿಯ ಸ್ವಂತ ಪೋಸ್ಟರುಗಳಿಗೆ ಒಳ್ಳೆಯ ಕಲಾವಿದರನ್ನು ಹುಡುಕಿದ್ದೂ ಅವನೇ. ಪೋಸ್ಟರು ಚೆನ್ನಾಗಿ ಬಂದವು. ಆದರೆ ಅವುಗಳ ಮೇಲಿನ ಅಕ್ಷರ? ಮುದ್ರಕನ ಬಳಿ ಯಾವ ಮೊಳೆ ಇದೆಯೋ ಅದು. ಫಲಕದಲ್ಲಿ ಒಂದು ಬಗೆ, ಸೂಚನಾ ಪತ್ರದಲ್ಲಿ ಇನ್ನೊಂದು, ಪೋಸ್ಟರಿನಲ್ಲಿ ಮತ್ತೊಂದು.

ಗುರುತು ಒಂದಾದರೂ ಅಕ್ಷರ ಹತ್ತಾದರೆ ಗುರುತಿಗೂ ಬೆಲೆ ಇರುವುದಿಲ್ಲ. ಪಿಕ್‌ಗೆ ಇದು ಹೊಳೆದದ್ದು ದೊಡ್ಡ ಮಾತು. ಇದಕ್ಕೆ ಅವನು ಹುಡುಕಿದ ಪರಿಹಾರವಂತೂ ಇನ್ನೂ ವಿಚಿತ್ರ. 1913ರಲ್ಲಿ, ವೆಸ್ಟ್‌ಮಿನ್‌ಸ್ಟರ್ ಪ್ರೆಸ್ಸಿನ ಜೆರಾರ್ಡ್ ಮೆನೆಲ್ ಮೂಲಕ, ಅವನು ಎಡ್ವರ್ಡ್ ಜಾನ್‌ಸ್ಟನ್‌ನನ್ನು ಭೇಟಿಯಾದ. ಜಾನ್‌ಸ್ಟನ್ ಅಚ್ಚಿನ ಮನುಷ್ಯನೇ ಅಲ್ಲ, ಕೈಬರಹದವನು. 1872ರಲ್ಲಿ ಉರುಗ್ವೆಯಲ್ಲಿ, ಸ್ಕಾಟಿಷ್ ಮನೆತನದಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, ಆರೋಗ್ಯ ಕೈಕೊಟ್ಟು ಅದನ್ನು ಬಿಟ್ಟವನು. ಬ್ರಿಟಿಷ್ ಮ್ಯೂಸಿಯಮ್ಮಿನ ಹಳೆಯ ಹಸ್ತಪ್ರತಿಗಳನ್ನು ದಿಟ್ಟಿಸಿ ನೋಡಿ ನೋಡಿ, ಚಪ್ಪಟೆ ನಿಬ್ಬನ್ನು ಯಾವ ಕೋನದಲ್ಲಿ ಹಿಡಿದರೆ ಯಾವ ಗೆರೆ ಬರುತ್ತದೆ ಎಂಬ ಮರೆತುಹೋಗಿದ್ದ ವಿದ್ಯೆಯನ್ನು ತಾನೇ ಕಂಡುಕೊಂಡಿದ್ದ. 1899ರಿಂದ ಲಂಡನ್ನಿನ ಸೆಂಟ್ರಲ್ ಸ್ಕೂಲಿನಲ್ಲಿ ಅದನ್ನು ಕಲಿಸುತ್ತಿದ್ದ. 1906ರಲ್ಲಿ ಬಂದ ಅವನ ಪುಸ್ತಕ ಇಂದಿಗೂ ಕೈಬರಹ ಕಲಿಯುವವರ ಮೂಲಪಾಠ. ಇಂಥವನ ಬಳಿ ಹೋಗಿ ರೈಲ್ವೆ ಫಲಕದ ಅಕ್ಷರ ಬರೆದುಕೊಡಿ ಎಂದು ಕೇಳುವುದಕ್ಕೆ ಧೈರ್ಯ ಬೇಕು. ಒಪ್ಪಿಕೊಳ್ಳುವುದಕ್ಕೂ.

ಪಿಕ್‌ನ ಬೇಡಿಕೆ ಸ್ಪಷ್ಟವಾಗಿತ್ತು. ಅಕ್ಷರ ಈ ಕಾಲದ್ದು ಎಂದು ನೋಡಿದೊಡನೆ ತಿಳಿಯಬೇಕು. ಅಂಗಡಿಯವರ ಜಾಹೀರಾತಿನ ಅಕ್ಷರದೊಂದಿಗೆ ಬೆರೆತುಹೋಗಬಾರದು. ಒಂದೊಂದು ಅಕ್ಷರವೂ ಇನ್ನೊಂದರಂತೆ ಕಾಣದ ಹಾಗೆ ಗಟ್ಟಿಯಾಗಿರಬೇಕು. ತುದಿಗಳಲ್ಲಿ ಪುಟ್ಟ ಅಡ್ಡಗೀಟಿಲ್ಲದ ಬೋಳು ಅಕ್ಷರಗಳು ಆಗ ಹೊಸತೇನಲ್ಲ. 1816ರಲ್ಲೇ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ಅಂಥ ಮೊಳೆಯ ಮಾದರಿ ಮುದ್ರಿಸಿದ್ದ. ಆದರೆ ನೂರು ವರ್ಷದಲ್ಲಿ ಅವು ಹರಾಜಿನ ನೋಟಿಸಿಗೂ ಔಷಧದ ಜಾಹೀರಾತಿಗೂ ಮೀಸಲಾಗಿ ಕರ್ರಗೆ, ದಪ್ಪಗೆ, ಇಕ್ಕಟ್ಟಾಗಿ ಬೆಳೆದಿದ್ದವು. ಕಲೆಯ ಬಗ್ಗೆ ಗೌರವವಿದ್ದ ಬರಹಗಾರ ಅವುಗಳನ್ನು ಮುಟ್ಟುತ್ತಿರಲಿಲ್ಲ.

ಕೆಲಸ ನಿಧಾನಕ್ಕೆ ಹೊರಟಿತು. ಜಾನ್‌ಸ್ಟನ್ ಯಾವುದನ್ನೂ ಹೊತ್ತಿಗೆ ಸರಿಯಾಗಿ ಮುಗಿಸುವವನಲ್ಲ. ಆರಂಭದಲ್ಲಿ ಶಿಷ್ಯ ಎರಿಕ್ ಗಿಲ್ ಜೊತೆಗಿದ್ದ. ವೆಸ್ಟ್‌ಮಿನ್‌ಸ್ಟರ್ ಕೆಥೀಡ್ರಲ್ಲಿನ ಶಿಲ್ಪದ ಕೆಲಸ ಬಂದದ್ದರಿಂದ ಅತ್ತ ಹೋದ. ಕೊನೆಗೆ 1916ರಲ್ಲಿ, ಯುದ್ಧದ ನಡುವೆ, ಅಕ್ಷರಗಳು ಪಿಕ್‌ನ ಕೈ ಸೇರಿದವು. ಮರದ ಮೊಳೆ ಕೆತ್ತಿಸಿ ಪೋಸ್ಟರುಗಳಲ್ಲಿ ಅಚ್ಚು ಹಾಕಿದರು.

ಅವುಗಳ ಒಳಗಿನ ಲೆಕ್ಕವನ್ನು ನೋಡಿದರೆ ಕೈಬರಹದವನನ್ನೇ ಪಿಕ್ ಏಕೆ ಹಿಡಿದ ಎಂಬುದು ಗೊತ್ತಾಗುತ್ತದೆ. ಜಾನ್‌ಸ್ಟನ್ ಹೊರಟದ್ದು ಕೈವಾರ, ಅಡಿಗೋಲುಗಳಿಂದಲ್ಲ. ರೋಮಿನ ಟ್ರೇಜನ್ ಸ್ತಂಭದ ಬುಡದಲ್ಲಿ ಕ್ರಿ.ಶ. ಎರಡನೆಯ ಶತಮಾನದಲ್ಲಿ ಕಲ್ಲಿಗೆ ಕೆತ್ತಿದ ಅಕ್ಷರಗಳಿಂದ. ಆ ಶಾಸನದಲ್ಲಿ ಎಲ್ಲ ಅಕ್ಷರಗಳೂ ಒಂದೇ ಅಗಲದವಲ್ಲ. ‘ಓ’ ಅಗಲ, ‘ಇ’ ಕಿರಿದು, ‘ಎಂ’ ಚೌಕಕ್ಕೆ ಹತ್ತಿರ. ಈ ಅಳತೆಗಳನ್ನು ಉಳಿಸಿಕೊಂಡು, ಕಲ್ಲಿನ ಗೆರೆಯ ದಪ್ಪ ತೆಳುವನ್ನೂ ತುದಿಯ ಗೀಟನ್ನೂ ತೆಗೆದುಹಾಕಿದ. ದೊಡ್ಡಕ್ಷರದ ಎತ್ತರವನ್ನು ಏಳು ಪಾಲು ಮಾಡಿದರೆ ಗೆರೆಯ ದಪ್ಪ ಒಂದು ಪಾಲು. ‘ಓ’ ಹೊರಗೂ ಒಳಗೂ ಶುದ್ಧ ವೃತ್ತ. ಸಣ್ಣ ‘ಎಲ್’ಗೆ ಕೆಳಗೊಂದು ಕೊಕ್ಕೆ, ಅದು ದೊಡ್ಡ ‘ಐ’ ಎಂದೋ ಒಂದು ಎಂಬ ಅಂಕಿ ಎಂದೋ ಕಾಣದಿರಲಿ ಎಂದು. ಸಣ್ಣ ‘ಐ’ ಮತ್ತು ‘ಜೆ’ಗಳ ತಲೆಯ ಚುಕ್ಕಿ ಮಾತ್ರ ದುಂಡಗಿಲ್ಲ. ಮೂಲೆಯ ಮೇಲೆ ನಿಲ್ಲಿಸಿದ ಚೌಕ ಅದು. ಚಪ್ಪಟೆ ನಿಬ್ಬನ್ನು ಕಾಗದಕ್ಕೆ ಒತ್ತಿ ಎತ್ತಿದರೆ ಬೀಳುವುದೇ ಆ ಆಕಾರ. ಯಂತ್ರಯುಗದ ಅಕ್ಷರದಲ್ಲಿ ಹಸ್ತಪ್ರತಿ ಬರೆಯುವವನ ಕೈ ತನ್ನ ಸಹಿ ಹಾಕಿದ್ದು ಅಲ್ಲೊಂದೇ ಕಡೆ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಜಾನ್‌ಸ್ಟನ್‌ನ ಹಳೆಯ ಶಿಷ್ಯ ಗ್ರೇಲಿ ಹೆವಿಟ್, ಗುರು ರೋಮನ್ ಅಕ್ಷರದ ಮರ್ಯಾದೆ ಕಳೆದ ಎಂದು ನೊಂದುಕೊಂಡ. ಹೆವಿಟ್‌ನ ಸಂಕಟ ಅರ್ಥವಾಗುವಂಥದ್ದೇ. ಅವನು ಗಮನಿಸದ್ದು ಏನೆಂದರೆ ಆ ಮರ್ಯಾದೆಯನ್ನು ಜಾನ್‌ಸ್ಟನ್ ಬೀದಿಗೆ ತಂದಿದ್ದ, ಬೀದಿಪಾಲು ಮಾಡಿರಲಿಲ್ಲ.

ಈಗ ಲೋಗೋದ ಕಡೆಗೆ ಬರೋಣ. ಸಾಮಾನ್ಯವಾಗಿ ಲೋಗೋ ಮೊದಲು ಬರೆಸುತ್ತಾರೆ, ಆಮೇಲೆ ಅದಕ್ಕೆ ಒಪ್ಪುವ ಫಾಂಟ್ ಹುಡುಕುತ್ತಾರೆ. ಲಂಡನ್ನಿನಲ್ಲಿ ನಡೆದದ್ದು ಇದರ ತಲೆಕೆಳಗು. ಅಕ್ಷರ ಸಿದ್ಧವಾದ ಮೇಲೆ ಹಳೆಯ ಕೆಂಪು ಬಿಲ್ಲೆ ಅದರ ಪಕ್ಕದಲ್ಲಿ ಒರಟಾಗಿ ಕಾಣತೊಡಗಿತು. ಏಳನೇ ಒಂದು ಪಾಲಿನ ಹದವಾದ ಗೆರೆಯ ಅಕ್ಷರಗಳ ಹಿಂದೆ ಅಷ್ಟು ದೊಡ್ಡ ಕೆಂಪು ಗುಡ್ಡೆ! ಗುರುತನ್ನೇ ಅಕ್ಷರಕ್ಕೆ ಹೊಂದಿಸುವ ಕೆಲಸವೂ ಜಾನ್‌ಸ್ಟನ್‌ನ ಪಾಲಿಗೇ ಬಂತು. ಅವನು ಬಿಲ್ಲೆಯ ಹೊಟ್ಟೆಯನ್ನು ಬಗೆದು ಖಾಲಿ ಮಾಡಿದ. ಉಳಿದದ್ದು ಉಂಗುರ. ಪಟ್ಟಿಯನ್ನು ಉಂಗುರದ ಎರಡೂ ಬದಿಗೆ ಹೊರಚಾಚುವಂತೆ ಎಳೆದ. ಪಟ್ಟಿಯೊಳಗೆ ತನ್ನ ಅಕ್ಷರಗಳಲ್ಲಿ ‘ಅಂಡರ್‌ಗ್ರೌಂಡ್’ ಎಂದು, ಹಳೆಯ ದೊಡ್ಡ ‘ಯು’ ಮತ್ತು ‘ಡಿ’ಗಳನ್ನು ಉಳಿಸಿಕೊಂಡೇ ಬರೆದ. ಅವನ ‘ಓ’ ಶುದ್ಧ ವೃತ್ತವಾದ್ದರಿಂದ ಹೊರಗಿನ ಉಂಗುರವೂ ಪಟ್ಟಿಯೊಳಗಿನ ಆ ಒಂದಕ್ಷರವೂ ಒಂದೇ ಮನೆಯವರಂತೆ ಕಂಡವು. 1917ರಲ್ಲಿ ಕಂಪನಿ ಇದನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿತು. ಆಮೇಲೂ ಜಾನ್‌ಸ್ಟನ್ ಸುಮ್ಮನಾಗಲಿಲ್ಲ. ಉಂಗುರದ ದಪ್ಪ ಎಷ್ಟು, ಪಟ್ಟಿಯ ಉದ್ದ ಎಷ್ಟು, ಬಸ್ಸಿಗೆ ಹೇಗೆ, ಟ್ರಾಮಿಗೆ ಹೇಗೆ ಎಂದು 1920ರ ದಶಕದಲ್ಲೂ ಅಳತೆಯ ನಕ್ಷೆ ತಿದ್ದುತ್ತಲೇ ಇದ್ದ.

ಚಕ್ರ ಮತ್ತು ಪಟ್ಟಿಯ ಮೂಲ ಕಲ್ಪನೆ ಯಾರದ್ದು ಎಂಬುದಕ್ಕೆ ಹಲವು ವಾರಸುದಾರರಿದ್ದಾರೆ. ಲಂಡನ್ ಜನರಲ್ ಬಸ್ ಕಂಪನಿ 1905ರಿಂದ ರೆಕ್ಕೆಯ ಚಕ್ರದ ಮೇಲೆ ಅಡ್ಡಪಟ್ಟಿ ಇರುವ ಗುರುತು ಬಳಸುತ್ತಿತ್ತು, ಆ ಕಂಪನಿಯನ್ನು 1912ರಲ್ಲಿ ಅಂಡರ್‌ಗ್ರೌಂಡ್ ಕೊಂಡುಕೊಂಡಿತು. ವೈಎಂಸಿಎಯ ಕೆಂಪು ತ್ರಿಕೋನವೂ ಪಿಕ್‌ನ ಕಣ್ಣಲ್ಲಿತ್ತು ಎನ್ನುತ್ತಾರೆ. ಪ್ರತಿಸ್ಪರ್ಧಿ ಮೆಟ್ರೊಪಾಲಿಟನ್ ರೈಲ್ವೆಯ ವರಸೆ ಮಾತ್ರ ತಮಾಷೆಯದು. ಅಂಡರ್‌ಗ್ರೌಂಡಿನ ವೃತ್ತಕ್ಕೆ ಎದುರಾಗಿ ಅದು ಕೆಂಪು ವಜ್ರಾಕೃತಿಯ ಮೇಲೆ ನೀಲಿ ಪಟ್ಟಿ ಎಳೆದು ತನ್ನ ನಿಲ್ದಾಣಗಳಲ್ಲಿ ತೂಗುಹಾಕಿತು. ಬಣ್ಣ ಅದೇ, ಪಟ್ಟಿ ಅದೇ, ಆಕಾರ ಮಾತ್ರ ಬೇರೆ. ವಜ್ರ ಉಳಿಯಲಿಲ್ಲ.

ಇದೇ ಹೊತ್ತಿಗೆ ಬರ್ಲಿನ್ನಿನಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ವಿದ್ಯುತ್ ಉಪಕರಣ ಮಾಡುವ ಎಇಜಿ ಕಂಪನಿ 1907ರಲ್ಲಿ ಪೀಟರ್ ಬೆಹ್ರೆನ್ಸ್ ಎಂಬ ಕಲಾವಿದನನ್ನು ಸಲಹೆಗಾರನಾಗಿ ಇಟ್ಟುಕೊಂಡಿತು. ಜೇನುಹುಟ್ಟಿನ ಕೋಶಗಳಂತೆ ಜೋಡಿಸಿದ ಷಟ್ಕೋನಗಳ ಲೋಗೋ, ಕಂಪನಿಯ ಕಾಗದಪತ್ರದ ಅಕ್ಷರ, ಚಹಾ ಕಾಯಿಸುವ ಕೆಟಲ್, 1909ರ ಟರ್ಬೈನ್ ಕಾರ್ಖಾನೆಯ ಕಟ್ಟಡ ಎಲ್ಲವನ್ನೂ ಅವನೊಬ್ಬನೇ ರೂಪಿಸಿದ. ಕಂಪನಿಯೊಂದಕ್ಕೆ ಒಂದೇ ಮುಖ ಕೊಡುವ ವಿದ್ಯೆಯ ಚರಿತ್ರೆಯಲ್ಲಿ ಅವನಿಗೇ ಮೊದಲ ಸ್ಥಾನ ಕೊಡುವುದು ವಾಡಿಕೆ. ಅಚ್ಚರಿಯೆಂದರೆ ಬೆಹ್ರೆನ್ಸ್ ಡ್ಯೂಸೆಲ್‌ಡಾರ್ಫಿನ ಕಲಾಶಾಲೆಯ ನಿರ್ದೇಶಕನಾಗಿದ್ದಾಗ ಅಲ್ಲಿ ಅಕ್ಷರ ಕಲಿಸಲು ಬಂದ ಆನಾ ಸೈಮನ್ಸ್, ಜಾನ್‌ಸ್ಟನ್‌ನದೇ ಶಿಷ್ಯೆ. ಅವನ ಪುಸ್ತಕವನ್ನು ಜರ್ಮನ್ನಿಗೆ ತಂದವಳೂ ಅವಳೇ. ಎರಡು ಊರುಗಳ ಬೇರು ಒಂದು ತರಗತಿಯಲ್ಲಿ ಕೂಡುತ್ತದೆ. ಆದರೂ ಬೆಹ್ರೆನ್ಸ್‌ನದು ಒಂಟಿ ಕೈಯ ಕೆಲಸ. ಲಂಡನ್ನಿನದು ಒಬ್ಬ ಹಟಮಾರಿ ಗಿರಾಕಿ ಮತ್ತು ಒಬ್ಬ ನಿಧಾನಸ್ಥ ಕೆಲಸಗಾರ ಸೇರಿ ವರ್ಷಗಟ್ಟಲೆ ತೇಯ್ದದ್ದು. ಬೆಹ್ರೆನ್ಸ್‌ನ ಷಟ್ಕೋನ ಈಗ ಪುಸ್ತಕಗಳಲ್ಲಿದೆ. ಜಾನ್‌ಸ್ಟನ್‌ನ ಉಂಗುರ ಬೀದಿಯಲ್ಲಿದೆ.

ಉಂಗುರ ಬೇಗ ಕಾಗದ ಬಿಟ್ಟು ಕಟ್ಟಡಕ್ಕೂ ಏರಿತು. 1926ರಲ್ಲಿ ತೆರೆದ ಮಾರ್ಡನ್ ಮಾರ್ಗದ ನಿಲ್ದಾಣಗಳಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಹೋಲ್ಡನ್ ಅದನ್ನು ಮುಂಭಾಗದ ದೊಡ್ಡ ಗಾಜಿನ ಕಿಟಕಿಯಲ್ಲಿಟ್ಟ. ಕಂಬಗಳ ತಲೆಯ ಮೇಲೆ ಗೋಲದ ರೂಪದಲ್ಲೂ ಕೂರಿಸಿದ. ಇದೇ ಹೋಲ್ಡನ್ ಮುಂದೆ, 1931ರ ಸಡ್ಬರಿ ಟೌನ್ ನಿಲ್ದಾಣದಲ್ಲಿ, ಜಾನ್‌ಸ್ಟನ್ ತೆಗೆದುಹಾಕಿದ್ದ ತುದಿಯ ಗೀಟನ್ನು ಸಣ್ಣಗೆ ಮರಳಿ ಅಂಟಿಸಿದ ಅಕ್ಷರವನ್ನು ಪರ್ಸಿ ಡೆಲ್ಫ್ ಸ್ಮಿತ್ ಎಂಬವನಿಂದ ಬರೆಸಿದ. ಪಿಕ್‌ನ ಕಣ್ಣೆದುರೇ ಇಂಥ ಚಿಕ್ಕ ಬಂಡಾಯಗಳು ನಡೆಯುತ್ತಿದ್ದವು. 1933ರಲ್ಲಿ ಬಸ್ಸು, ಟ್ರಾಮು, ಸುರಂಗ ರೈಲು ಎಲ್ಲ ಸೇರಿ ಸಾರ್ವಜನಿಕ ಮಂಡಳಿಯಾಯಿತು, ಮೆಟ್ರೊಪಾಲಿಟನ್ನೂ ಅದರೊಳಗೆ ಬಂತು. ಅದೇ ವರ್ಷ ಹ್ಯಾರಿ ಬೆಕ್ ಬರೆದ ಪ್ರಸಿದ್ಧ ನಕ್ಷೆಯೂ ಜನರ ಜೇಬು ಸೇರಿತು.

ಜಾನ್‌ಸ್ಟನ್‌ನ ಅಕ್ಷರ ಕಂಪನಿಯ ಸ್ವತ್ತು, ಹೊರಗಿನವರಿಗೆ ಮಾರಾಟಕ್ಕಿರಲಿಲ್ಲ. ಆ ಖಾಲಿ ಜಾಗವನ್ನು ತುಂಬಿದವನು ಎರಿಕ್ ಗಿಲ್. 1928ರಲ್ಲಿ ಮೊನೊಟೈಪ್ ಕಂಪನಿ ಹೊರತಂದ ಗಿಲ್ ಸಾನ್ಸ್ ಗುರುವಿನ ಅಕ್ಷರದ ಋಣದಲ್ಲಿ ಹುಟ್ಟಿದ್ದು, ಗಿಲ್ ಅದನ್ನು ಮುಚ್ಚಿಡಲೂ ಇಲ್ಲ. ದುಡ್ಡೂ ಹೆಸರೂ ಹೆಚ್ಚು ತಂದದ್ದು ಶಿಷ್ಯನದೇ. ಅದರ ಹಿಂದಿನ ವರ್ಷವೇ ಜರ್ಮನಿಯಲ್ಲಿ ಪೌಲ್ ರೆನ್ನರ್‌ನ ಫ್ಯೂಚುರಾ ಬಂದಿತ್ತು. ವೃತ್ತ, ತ್ರಿಕೋನ, ಚೌಕಗಳನ್ನೇ ಮುಂದಿಟ್ಟುಕೊಂಡು ಬರೆದ ಅಕ್ಷರ ಅದು. ರೇಖಾಗಣಿತದ ಲೋಗೋಗೆ ರೇಖಾಗಣಿತದ್ದೇ ಅಕ್ಷರ ಬೇಕು ಎಂದು ವಾದಿಸುವವರು ಜಾನ್‌ಸ್ಟನ್‌ನನ್ನು ಒಮ್ಮೆ ನೋಡಬೇಕು: ಅವನ ಉಂಗುರ ಕೈವಾರದ್ದು, ಅಕ್ಷರ ಕಲ್ಲಿನ ಶಾಸನದ್ದು, ನಡುವೆ ಸಂಧಾನ ಮಾಡಿಸುವುದು ಒಂದು ‘ಓ’ ಮತ್ತು ಅಳತೆಯ ಶಿಸ್ತು.

ನಮ್ಮ ನೆಲದ ಒಂದು ವೃತ್ತದ ಮಾತನ್ನೂ ಇಲ್ಲಿ ಹೇಳಬಹುದು. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ನೀಲಿ ವೃತ್ತವನ್ನು 1971ರಲ್ಲಿ ಕೊಟ್ಟವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಅದರಲ್ಲಿ ವಿಲೀನವಾದ ಮೇಲೆ ಕರ್ನಾಟಕದಲ್ಲಿ ಅದು ಕಾಣದ ಊರು ಕಡಿಮೆ. ಜಾನ್‌ಸ್ಟನ್‌ಗೆ ಇಲ್ಲದ ತಲೆನೋವು ಇಲ್ಲಿದೆ: ವೃತ್ತದ ಪಕ್ಕದಲ್ಲಿ ಮೂರು ಲಿಪಿ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಬಿಗಿಯಾಗಿ ಕೂರುತ್ತವೆ, ಎಷ್ಟು ಕಿರಿದಾದ ಪಟ್ಟಿಯಾದರೂ ಸರಿ. ಕನ್ನಡದಲ್ಲಿ ‘ಸ್ಟೇಟ್ ಬ್ಯಾಂಕ್’ ಎಂದು ಬರೆಯಿರಿ. ಒಂದು ಒತ್ತು ಕೆಳಗಿಳಿಯುತ್ತದೆ, ಇನ್ನೊಂದು ಪಕ್ಕಕ್ಕೆ ಬಾಲ ಚಾಚುತ್ತದೆ, ಅರ್ಧಾಕ್ಷರದ ಕೊಂಡಿ ಮೇಲೇಳುತ್ತದೆ. ಅದೇ ಪಟ್ಟಿಯಲ್ಲಿ ಹಿಡಿಸಬೇಕೆಂದರೆ ಮೂಲ ಅಕ್ಷರವನ್ನೇ ಕುಗ್ಗಿಸಬೇಕು. ಲೋಗೋ ಬರೆಯುವಾಗಲೇ ಒತ್ತಿಗೂ ಜಾಗ ಬಿಡುವ ವಿನ್ಯಾಸಕಾರ ಸಿಗುವುದು ಅಪರೂಪ.

ಲಂಡನ್ನಿನ ಅಕ್ಷರಕ್ಕೂ 1970ರ ದಶಕದಲ್ಲಿ ಗಂಡಾಂತರ ಬಂತು. ಅದು ಮರ ಮತ್ತು ಸೀಸದ ಮೊಳೆಗಳಲ್ಲಿ ಮಾತ್ರ ಇತ್ತು. ಮುದ್ರಣಾಲಯಗಳು ಆಗ ಫೋಟೊ ಅಕ್ಷರಜೋಡಣೆಗೆ ಹೊರಳುತ್ತಿದ್ದವು. ಹೆಲ್ವೆಟಿಕಾವೋ ಯೂನಿವರ್ಸೋ ತಂದು ಹಳೆಯದಕ್ಕೆ ವಿದಾಯ ಹೇಳಿಬಿಡೋಣ ಎಂಬ ಮಾತು ಗಂಭೀರವಾಗಿಯೇ ನಡೆಯಿತು. ಬ್ಯಾಂಕ್ಸ್ ಅಂಡ್ ಮೈಲ್ಸ್ ಎಂಬ ವಿನ್ಯಾಸ ಕಚೇರಿಯ ಕಾಲಿನ್ ಬ್ಯಾಂಕ್ಸ್ ಅಡ್ಡ ನಿಂತ. ತಿದ್ದುವ ಕೆಲಸವನ್ನು ಕಚೇರಿಗೆ ಹೊಸದಾಗಿ ಬಂದಿದ್ದ ಜಪಾನಿನ ಎಈಚಿ ಕೋನೋಗೆ ವಹಿಸಿದ. ಕೋನೋ ಸಣ್ಣಕ್ಷರಗಳ ಒಡಲನ್ನು ತುಸು ಎತ್ತರಿಸಿದ, ತೆಳು ಮತ್ತು ದಪ್ಪ ರೂಪಗಳನ್ನು ಸೇರಿಸಿದ, ವಜ್ರದ ಚುಕ್ಕಿಯನ್ನು ಮುಟ್ಟಲಿಲ್ಲ. 1979ರಲ್ಲಿ ಅದು ‘ನ್ಯೂ ಜಾನ್‌ಸ್ಟನ್’ ಆಯಿತು. ನೂರು ತುಂಬಿದ 2016ರಲ್ಲಿ ಮೊನೊಟೈಪ್ ಮತ್ತೆ ತಿದ್ದಿ ‘ಜಾನ್‌ಸ್ಟನ್100’ ತಂದಿತು. ಮೊಬೈಲ್ ಪರದೆಗೆ ಬೇಕಾದ ತೀರಾ ತೆಳು ರೂಪಗಳೂ, ಜಾನ್‌ಸ್ಟನ್ ಕನಸಿನಲ್ಲೂ ಕಾಣದ ಹ್ಯಾಶ್‌ಟ್ಯಾಗ್ ಚಿಹ್ನೆಯೂ ಅದರಲ್ಲಿ ಸೇರಿದವು. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ನೋಡಲೆಂದು ವಾಕ್ಸ್‌ಹಾಲ್ ನಿಲ್ದಾಣದಲ್ಲಿ ಇಳಿಯುವ ಕನ್ನಡಿಗರು ಆ ಹೆಸರನ್ನು ಓದುವುದು ಈ ವಂಶದ ಅಕ್ಷರದಲ್ಲೇ.

ಪಿಕ್ 1940ರಲ್ಲಿ ಮಂಡಳಿ ಬಿಟ್ಟ, ಮರುವರ್ಷ ತೀರಿಕೊಂಡ. ಜಾನ್‌ಸ್ಟನ್ 1944ರಲ್ಲಿ ಹೋದ. ಅಕ್ಷರದ ಶ್ರೇಯಸ್ಸು ಜಾನ್‌ಸ್ಟನ್‌ನದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಫಲಕ, ನಕ್ಷೆ, ಬಸ್ಸಿನ ಹಣೆ ಎಲ್ಲೆಡೆ ಒಂದೇ ಆಗಿ ಉಳಿದದ್ದರ ಶ್ರೇಯಸ್ಸು ಮೂವತ್ತು ವರ್ಷ ಒಂದೊಂದು ಬೋರ್ಡನ್ನೂ ತಾನೇ ನಡೆದು ನೋಡಿದ ಪಿಕ್‌ಗೆ ಹೆಚ್ಚು ಸಲ್ಲಬೇಕು. ನೈಟ್ ಪದವಿ ಕೊಡಲು ಬಂದಾಗ ಅವನು ಬೇಡವೆಂದಿದ್ದ. 2016ರಲ್ಲಿ ಪಿಕಾಡಿಲಿ ಸರ್ಕಸ್ ನಿಲ್ದಾಣದ ಗೋಡೆಯ ಮೇಲೆ ಅವನ ಸ್ಮಾರಕ ಮಾಡಿದರು. ಅದನ್ನು ಬರೆದದ್ದು ಜಾನ್‌ಸ್ಟನ್‌ನ ಅಕ್ಷರದಲ್ಲಿ.